ಶಿರಾ ಚೀಲ ಪಾವಗಡಕ್ಕೆ ಬಂದದ್ದು

ನಮ್ಮ ಲೈಬ್ರರಿ ಮೇಡಂ ಎಡಗೈಯಲ್ಲಿ ಇದ್ದದ್ದು ಎರಡೇ ಗಾಜಿನ ಬಳೆ. ಅವುಗಳ ಹಿಂದೆ ಮೊಣಕೈವರೆಗೂ ರಬ್ಬರ್ ಬ್ಯಾಂಡುಗಳು. ಕೆಂಪು, ಹಸಿರು, ಹಳದಿ. ಮದುವೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಅವು ಹಾಗೇ ಇರುತ್ತಿದ್ದವು. ಯಾರಾದರೂ ಅವರ ಮುಂದೆ ಉದ್ದಕ್ಕೆ ಕೊರೆಯತೊಡಗಿದರೆ ಒಂದನ್ನು ಎಳೆದು ಟಪ್ಪನೆ ಬಿಡುವರು. ಇನ್ನು ಸಾಕು ಎಂದು ಅದರ ಅರ್ಥ. ನಮ್ಮ ಪ್ರಾಂಶುಪಾಲರಿಗೂ ಆ ಸದ್ದಿನ ಭಯವಿತ್ತು.

ಮಧುಗಿರಿಯಲ್ಲಿ ನಾನು ಓದಿದ್ದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. ಅದರ ಗ್ರಂಥಾಲಯದಲ್ಲಿ ಕಾದಂಬರಿ ಕೇಳಿದರೆ ಸಿಗುತ್ತಿರಲಿಲ್ಲ. ಅಲ್ಲಿದ್ದದ್ದೆಲ್ಲ ಮಕ್ಕಳಿಗೆ ಕಲಿಸುವ ವಿದ್ಯೆಗೆ ಸಂಬಂಧಿಸಿದ್ದು: ಬೋಧನಾ ವಿಧಾನ, ಮನಃಶಾಸ್ತ್ರ, ಬೇರೆ ಬೇರೆ ರಾಜ್ಯಗಳ ಪಠ್ಯಪುಸ್ತಕ, ಹಲವು ಭಾಷೆಯ ಚಿತ್ರಪುಸ್ತಕ, ಒಂದು ಮೂಲೆಯಲ್ಲಿ ಮೂಗು ಹರಿದ ತೊಗಲುಗೊಂಬೆಗಳು. ‘ಮೌನವಾಗಿರಿ’ ಎಂಬ ಫಲಕವನ್ನು ಮೇಡಂ ತಮ್ಮ ಬೆನ್ನ ಹಿಂದೆ, ತಮಗೆ ಕಾಣದಂತೆ ತೂಗುಹಾಕಿದ್ದರು. ಇಡೀ ಕಾಲೇಜಿನಲ್ಲಿ ಅವರದ್ದೇ ದೊಡ್ಡ ಗಂಟಲು. ಮದಲೂರಿನ ಕುರಿ ಕಾಯುವ ಮನೆಯಿಂದ ಓದಿ ಬಂದವರು. “ಕೆರೆ ಆ ದಡದಾಗಿರೋ ಕುರಿಗೆ ಕೇಳಂಗೆ ಕೂಗಿರೋ ಗಂಟ್ಲು ಕಣಮ್ಮ ಇದು, ಈಗ ಪಿಸುಗುಡು ಅಂದ್ರೆ ಹೆಂಗೆ?” ಎನ್ನುತ್ತಿದ್ದರು.

ಅಲ್ಲಿ ಓದಿ ಹೋದವರಿಗೆ ಗ್ರಂಥಾಲಯದ ನಂಟು ತಪ್ಪಬಾರದು ಎಂದು ಅವರೇ ಒಂದು ಏರ್ಪಾಡು ಮಾಡಿದ್ದರು. ಹಳ್ಳಿ ಶಾಲೆಯ ಮೇಷ್ಟ್ರು, ಟೀಚರುಗಳು ಫೋನು ಮಾಡಿ ತಮ್ಮ ಕಷ್ಟ ಹೇಳಬೇಕು. ಮೇಡಂ ಅದಕ್ಕೆ ತಕ್ಕ ಪುಸ್ತಕ ಆರಿಸಿ, ಕಟ್ಟಿ, ಚೀಲಕ್ಕೆ ತುಂಬಿ ಬಸ್ಸಿಗೆ ಹಾಕುವರು. ಪಾವಗಡದ ಕಟ್ಟಿಗೆ ಕೆಂಪು ಬ್ಯಾಂಡು, ಶಿರಾಕ್ಕೆ ಹಸಿರು, ಕೊರಟಗೆರೆಗೆ ಹಳದಿ. ಪುಸ್ತಕ ಹಿಂದಿರುಗಿಸುವಾಗ ಮಾತ್ರ ನಾವೇ ಖುದ್ದಾಗಿ ಹೋಗಬೇಕಿತ್ತು. ತರಗತಿಯಲ್ಲಿ ಏನಾಯಿತು ಎಂದು ಹೇಳುವವರೆಗೂ ಯಾರ ಪುಸ್ತಕವನ್ನೂ ಅವರು ಮುಟ್ಟುತ್ತಿರಲಿಲ್ಲ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ. ನಾನು ಮಿಡಿಗೇಶಿಯವಳು, ನನಗೆ ಬರುವುದು ಕನ್ನಡವೊಂದೇ. ಒಂದನೇ ತರಗತಿಯ ಮಕ್ಕಳ ಮನೆಮಾತು ತೆಲುಗು. ನಾನು ಏನು ಕೇಳಿದರೂ ಅವರು ನನ್ನ ಮುಖ ನೋಡುವರು, ನಾನು ಅವರ ಮುಖ ನೋಡುವೆ. ಅದರಲ್ಲೂ ಆಡು ಮೇಯಿಸುವ ಮನೆಯ ಒಬ್ಬಳು ಹುಡುಗಿ ಹಾಜರಿಗೂ ಬಾಯಿ ಬಿಡುತ್ತಿರಲಿಲ್ಲ. ಹೆಸರು ಕರೆದರೆ ಕತ್ತು ಬಗ್ಗಿಸುವಳು. ನಾನು ಟೀಚರಾಗಲು ಹುಟ್ಟಿದವಳಲ್ಲ ಎಂದು ದಿನಾ ಸಂಜೆ ಬಸ್ಸಿನಲ್ಲಿ ಅಳು ಬರುತ್ತಿತ್ತು. ನಮ್ಮಕ್ಕ ತುಮಕೂರಿನ ಬಟ್ಟೆ ಅಂಗಡಿಯಲ್ಲಿ ಒಂದು ಕೆಲಸ ಹುಡುಕಿಟ್ಟಿದ್ದಳು. ಕೆಲಸ ಬಿಡುತ್ತೇನೆಂದು ಮೇಡಂಗೆ ಫೋನು ಮಾಡಿದೆ.

“ಬುಡೋಳು ಯಾವತ್ತಾದ್ರೂ ಬುಡಬೌದು, ಅದಕ್ಕೇನು ಪಂಚಾಂಗ ನೋಡ್ಬೇಕಾ?” ಅಂದರು. “ತೆಲುಗು ಚಿತ್ರದ್ ಪುಸ್ತಕ ಕಳಿಸ್ತೀನಿ. ಅದೊಂದ್ ಓದಿಸ್ಬುಟ್ಟು ಆಮೇಲೆ ಬಟ್ಟೆ ಅಂಗ್ಡಿಗಾದ್ರೂ ಹೋಗು, ಬಳೆ ಅಂಗ್ಡಿಗಾದ್ರೂ ಹೋಗು.”

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದದ್ದು ಆ ವಾರವೇ. ಅದಕ್ಕಾಗಿ ವರ್ಷಗಟ್ಟಲೆ ಮೇಲಿನವರ ಬೆನ್ನು ಬಿದ್ದವರು ಮೇಡಂ. ಹಳೆಯ ಕಾಲದವರಿಗೆ ಯಂತ್ರ ಕಂಡರಾಗದು ಎನ್ನುವವರು ಅವರನ್ನು ನೋಡಬೇಕಿತ್ತು! ಪ್ರತಿ ಪುಸ್ತಕಕ್ಕೂ ಗೆರೆಗೆರೆಯ ಚೀಟಿ ಅಂಟಿಸಿ, ಅದರ ಮೇಲೆ ಕೆಂಪು ಬೆಳಕು ಬಿಟ್ಟು ‘ಟಿಕ್’ ಅನ್ನಿಸುವುದೇ ಅವರಿಗೆ ಹಬ್ಬ. ಅಟೆಂಡರ್ ಮುಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದರಂತೆ. ಆ ಸಂಭ್ರಮದಲ್ಲಿ, “ಇನ್ ಇವ್ಯಾಕೆ, ಎಲ್ಲಾ ಮಿಷಿನ್ನೇ ನೋಡ್ಕೋತದೆ” ಎಂದು ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿ ಡ್ರಾಯರಿಗೆ ಹಾಕಿದರು. ಪುಸ್ತಕಗಳನ್ನು ಒಂದೂ ತಪ್ಪದೆ ಟಿಕ್ ಅನ್ನಿಸಿದರು. ಚೀಲಗಳನ್ನು ಮಾತ್ರ ಅದಲುಬದಲು ಮಾಡಿದರು.

ನನ್ನ ಕೈಗೆ ಬಂದ ಚೀಲ ಬಿಚ್ಚಿ ನೋಡಿದರೆ ಎಲ್ಲವೂ ಉರ್ದು ಪುಸ್ತಕ. ಶಿರಾದ ಒಬ್ಬ ಮೇಷ್ಟ್ರಿಗೆ ಹೋಗಬೇಕಾದದ್ದು. ನನಗೆ ಒಂದಕ್ಷರ ಬಾರದು. ಸಿಟ್ಟಿನಲ್ಲಿ ವಾಪಸ್ಸು ತುಂಬುತ್ತಿದ್ದೆ, ಅಷ್ಟರಲ್ಲಿ ಮಕ್ಕಳು ಬಂದು ಮುತ್ತಿಕೊಂಡರು. ಸರಿ, ಚಿತ್ರವನ್ನಾದರೂ ತೋರಿಸೋಣ ಎಂದು ಒಂದನ್ನು ತೆಗೆದು, ನಮ್ಮ ಪುಸ್ತಕ ಬಿಚ್ಚುವ ಹಾಗೆ ಎಡಗಡೆಯಿಂದ ಬಿಚ್ಚಿದೆ. ಮೊದಲ ಪುಟದಲ್ಲಿ ಒಂದು ಆಡು ಬುಗುರಿಯಂತೆ ಕುಣಿಯುತ್ತಿದೆ, ಪಕ್ಕದಲ್ಲಿ ಒಡೆದ ಮಡಕೆ. ಮುಂದಿನ ಪುಟದಲ್ಲಿ ಆಡಿನ ತಲೆ ಮಡಕೆಯೊಳಗೆ ಸಿಕ್ಕಿಕೊಂಡಿದೆ. ಅದರ ಮುಂದೆ, ಆಡು ಇನ್ನೂ ಇಡಿಯಾಗಿರುವ ಮಡಕೆಯನ್ನು ಮೂಸುತ್ತಿದೆ. ಇದೆಂಥ ಕಥೆಯಪ್ಪ ಎಂದುಕೊಳ್ಳುತ್ತಲೇ ಪುಟ ತಿರುಗಿಸುತ್ತಿದ್ದೆ.

“ಅಟ್ಲ ಕಾದು ಟೀಚರ್!”

ಹಾಗಲ್ಲ ಟೀಚರ್ ಎಂದವಳು ಆ ಆಡಿನ ಮನೆಯ ಹುಡುಗಿ. ಎದ್ದು ಬಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು. “ಎನಕ ನಿಂಚಿ ಸೂಡು,” ಹಿಂದಿನಿಂದ ನೋಡು, ಎಂದು ಬಲಗಡೆಯಿಂದ ಬಿಚ್ಚಿದಳು. ಉರ್ದು ಪುಸ್ತಕ ಶುರುವಾಗುವುದೇ ಆ ಕಡೆಯಿಂದ ಎಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆದರೆ ಆಡು ಮೊದಲು ಮೂಸುತ್ತದೆ, ಆಮೇಲೆ ಸಿಕ್ಕಿಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಡೀ ಕಥೆಯನ್ನು ತೆಲುಗಿನಲ್ಲಿ ಹೇಳಿದಳು. ಆಡಿನ ಹಾಗೆ ಕೂಗಿದಳು. ಉಳಿದವರು ನಡುವೆ ಬಾಯಿ ಹಾಕಿ ಜಗಳವಾಡಿದರು. ನಾನು ಮಡಕೆ ತೋರಿಸಿ “ಇದಕ್ಕೇನಂತೀರ?” ಅಂದೆ. “ಕುಂಡ” ಅಂದರು. “ನಮ್ಮಲ್ಲಿ ಮಡಕೆ” ಅಂದೆ. “ಮಡಕೆ, ಮಡಕೆ” ಎಂದು ಕುಣಿದರು. ಅಷ್ಟು ದಿನ ನಾನು ಕಲಿಸಲು ಹೋಗಿ ಸೋತಿದ್ದೆ. ಆವತ್ತು ಟೀಚರಿಗೂ ಓದಲು ಬರುವುದಿಲ್ಲ ಎಂದು ಕಂಡದ್ದೇ ಅವರ ಬಾಯಿ ಬಿಡಿಸಿತು. ಸಂಜೆ ಬಸ್ಸಿನಲ್ಲಿ ಒಬ್ಬಳೇ ನಕ್ಕು ಪಕ್ಕದವಳಿಂದ ಅನುಮಾನದ ನೋಟ ಪಡೆದೆ.

ಮೇಡಂಗೆ ಫೋನು ಮಾಡಿದರೆ ಮೊದಲು ಒಪ್ಪಲೇ ಇಲ್ಲ. “ಕಂಪ್ಯೂಟರ್ನಾಗೆ ಸರಿಯಾಗೇ ತೋರಿಸ್ತೈತಲ್ಲೇ! ನಿನ್ ತಾವ ತೆಲುಗೇ ಐತೆ!” ಬಾಯಿ ಬಿಡದ ಹುಡುಗಿ ಆಡಿನ ಕಥೆ ಕಟ್ಟಿದ್ದನ್ನು ಹೇಳಿದೆ. ಆ ಕಡೆಯಿಂದ ಕೆರೆ ದಾಟುವಂಥ ನಗು. “ಆ ಮಗು ಮಾತಾಡ್ತಾ? ನಿಜವಾಗ್ಲೂ?” ಎಂದು ಮತ್ತೆ ಮತ್ತೆ ಕೇಳಿದರು. ಧ್ವನಿ ಒದ್ದೆಯಾಗಿತ್ತು. ತಕ್ಷಣ ಸಾವರಿಸಿಕೊಂಡು, “ಇರು, ಸಿರಾ ಮೇಷ್ಟ್ರು ನಿನ್ ತೆಲುಗ್ ಪುಸ್ತಕ ಮಡಿಕ್ಕೊಂಡು ಏನ್ ಪಾಡು ಪಡ್ತಾವ್ರೋ ಕೇಳ್ತೀನಿ” ಎಂದು ಫೋನಿಟ್ಟರು.

ಮರುದಿನವೇ ಬ್ಯಾಂಡುಗಳು ಕೈಗೆ ಏರಿದವು. ಆದರೆ ಕಂಪ್ಯೂಟರನ್ನು ಅವರು ಬಿಡಲಿಲ್ಲ. ಅಂದಿನಿಂದ ಪ್ರತಿ ಚೀಲದಲ್ಲೂ ಬೇಕೆಂದೇ ಒಂದು ‘ತಪ್ಪು ಪುಸ್ತಕ’ ಹೋಗತೊಡಗಿತು: ಆ ಊರಿನಲ್ಲಿ ಯಾರಿಗೂ ಓದಲು ಬಾರದ ಭಾಷೆಯದ್ದು. ಮಕ್ಕಳು ತಮ್ಮ ಮಾತಿನಲ್ಲಿ ಹೇಳಿದ ಕಥೆಯನ್ನು ನಾವು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಮೇಡಂ ಅದನ್ನು ಕಂಪ್ಯೂಟರಿನಲ್ಲಿ ಆ ಪುಸ್ತಕದ ಹೆಸರಿಗೆ ಜೋಡಿಸುವರು. ಈಗ ಆಡಿನ ಪುಸ್ತಕ ಹುಡುಕಿದರೆ ಶಿರಾದ ಮಗು ಪುಸ್ತಕ ಓದಿಯೇ ಹೇಳಿದ ಉರ್ದು, ಗೌಡಗೆರೆಯ ಮಗುವಿನ ಕನ್ನಡ, ನನ್ನ ಹುಡುಗಿಯ ತೆಲುಗು ಒಂದರ ಹಿಂದೊಂದು ಕೇಳುತ್ತವೆ. ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು ಇದೆಲ್ಲ ಗ್ರಂಥಾಲಯದ ಕೆಲಸವೇ ಎಂದು ಕೇಳಿದರಂತೆ. “ಕುತ್ಕಳಿ ಸಾರ್, ಒಂದ್ ಕಥೆ ಕೇಳಿ” ಎಂದರಂತೆ ಮೇಡಂ. ಆ ಸಾಹೇಬರು ಚಹಾ ಆರಿದ್ದೂ ತಿಳಿಯದೆ ಕೇಳಿದರು ಎಂದು ಅಟೆಂಡರ್ ಹೇಳಿದ್ದು.

ನಿವೃತ್ತಿಯಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ಕಾಯಿಲೆ ಗಂಟಲಿಗೇ ಬಂತು. ಕಡೆಗೆ ಮಾತು ನಿಂತುಹೋಗಿತ್ತು. ನೋಡಲು ಹೋದಾಗ ನಾನೇ ಮಾತಾಡಿದೆ. ಅವರು ಕಣ್ಣರಳಿಸಿ ಕೇಳಿದರು. ಆ ಗಂಟಲಿಗೆ ಇಂಥದ್ದು ಬರಬಾರದಿತ್ತು ಎಂದು ನನಗೆ ಇವತ್ತಿಗೂ ದೇವರ ಮೇಲೆ ಕೋಪವಿದೆ. ಅವರ ಜಾಗಕ್ಕೆ ಬಂದಿರುವ ಹೊಸ ಮೇಡಂ ಚೀಲ ಕಳಿಸುವುದನ್ನು ನಿಲ್ಲಿಸಿಲ್ಲ. ನಮ್ಮ ಕಡೆಯ ಮೂರು ಹೊಸ ಶಾಲೆಗಳಿಗೂ ಈಗ ಚೀಲ ಹೋಗುತ್ತದೆ.

ಮೇಡಂ ತೀರಿಕೊಂಡ ವರ್ಷವೇ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ನನ್ನ ಸರದಿ ಬಂತು. ಮಿಡಿಗೇಶಿಯ ಪಕ್ಕದಲ್ಲೇ ಒಂದು ಜಾಗ ಖಾಲಿ, ಮನೆಯಿಂದ ನಡೆದೇ ಹೋಗಬಹುದು. ಅಮ್ಮ ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಳು. ಪರದೆಯ ಮೇಲೆ ಆ ಶಾಲೆಯ ಹೆಸರು ಮೂಡಿತು. ಆಯ್ಕೆ ಮಾಡಿ ಎಂದು ಅಧಿಕಾರಿ ನನ್ನತ್ತ ನೋಡಿದರು.

“ಬೇಡ ಸಾರ್. ಪಾವಗಡದಲ್ಲೇ ಇರ್ತೀನಿ.”

ಅವರು ಕನ್ನಡಕ ತೆಗೆದರು. “ಯಾಕಮ್ಮ? ಎಲ್ಲರೂ ಅಲ್ಲಿಂದ ಬಂದ್ರೆ ಸಾಕು ಅಂತಾರೆ.”

“ಈಗ ತಾನೇ ನಂಗೆ ತೆಲುಗು ಬರೋಕೆ ಶುರುವಾಗೈತೆ ಸಾರ್” ಅಂದೆ.