ಸೋಯಾ ಹೂವಿಗೆ ಮದುವೆ ಮಾಡಿಸುವ ಮಾಬಮ್ಮ

ಬೆಳಗಿನ ಆರು ಗಂಟೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ರಸ್ತೆ ಪಕ್ಕದ, ಬೆಳೆಗಳ ಹೊಸ ತಳಿ ರೂಪಿಸುವ ತೋಟದಲ್ಲಿ ಮಹಬೂಬ್ ಬೀ ಹದಿನೈದು ಪ್ಲಾಸ್ಟಿಕ್ ಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಚೀಲಕ್ಕೊಂದು ಸೋಯಾ ಸಸಿ, ಮೊಳೆತು ಎಂಟು ದಿನ. ನಾನು ಮೊಬೈಲಿನ ಟಾರ್ಚ್ ಹಚ್ಚಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ. "ಆರಸ್ರಿ ಅದನ್ನ. ಟಾರ್ಚಿನಾಗ ಬಣ್ಣ ಖರೇ ಕಾಣಂಗಿಲ್ಲ. ಹೊತ್ತು ಹುಟ್ಲಿ, ನೋಡೂಣು."

ನೋಡಬೇಕಾದದ್ದು ಮಣ್ಣಿಗೆ ತಾಗಿದಂತಿರುವ ಎಳೆ ದಂಟಿನ ಬಣ್ಣ. ನೇರಳೆ ಇದ್ದರೆ ಎರಡು ತಳಿಗಳ ನಡುವೆ ಅವರು ಮಾಡಿದ ಪರಾಗಸ್ಪರ್ಶ ಫಲಿಸಿದೆ ಎಂದರ್ಥ, ಹಸಿರಿದ್ದರೆ ಇಲ್ಲ. ಹೋದ ವರ್ಷ ಎಲ್ಲವೂ ಹಸಿರೇ ಬಂದಿದ್ದವು. ಈ ಸಲವೂ ಹಾಗೇ ಆದರೆ ಕಲಿತವರನ್ನು ಹೊರಗಿನಿಂದ ಕರೆಸುತ್ತೇವೆ ಎಂದು ಮೇಲಿನವರು ಹೇಳಿಯಾಗಿದೆ. ಇನ್ನೊಂದೇ ಒಂದು ಹಂಗಾಮು ಕೊಡಿ ಎಂದು ಕೇಳಿಕೊಂಡವರು ಇವರೇ. ನಾನು ಗಳಿಗೆಗೊಮ್ಮೆ ಮೂಡಣದ ಕಡೆ ನೋಡುತ್ತಿರುವಾಗ ಈ ಪುಣ್ಯಾತ್ಗಿತ್ತಿ ಆರಾಮಾಗಿ ಎಲೆ ಅಡಿಕೆ ಮೆಲ್ಲುತ್ತಿದ್ದಾರೆ!

ಕೊಟ್ಟೂರಿನ ಮಹಬೂಬ್ ಬೀಗೆ ಈಗ ಐವತ್ತೆರಡು. ತೋಟದಲ್ಲಿ ಎಲ್ಲರಿಗೂ ಮಾಬಮ್ಮ. ಹನ್ನೆರಡು ವರ್ಷದ ಹಿಂದೆ ಕಳೆ ಕೀಳಲು ಬಂದವರು. ಗಂಡ ನೂರಸಾಬರದು ಗಡಿಯಾರ ರಿಪೇರಿ ಅಂಗಡಿ. ಜನರೆಲ್ಲ ಮೊಬೈಲಿನಲ್ಲೇ ಟೈಮು ನೋಡತೊಡಗಿದ ಮೇಲೆ ಗಿರಾಕಿಗಳು ನಿಂತರು. ಈಗ ಅದೇ ಅಂಗಡಿಯಲ್ಲಿ ಅವರು ಮೊಬೈಲ್ ಕವರು ಮಾರುತ್ತಾರೆ. ಅವರ ಸಣ್ಣ ಮೊನೆಯ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎರಡೂ ಹೆಂಡತಿಯ ಪಾಲಿಗೆ ಬಂದಿವೆ. "ವಾರಕ್ಕೊಮ್ಮೆ ಚಿಮಟದ ಮೊನಿ ಮಸದು ಕೊಡ್ತಾರ್ರೀ. ಹೂವು ಹರದ್ರ ನಿನ್ನ ಕೈದ ತಪ್ಪು, ನನ್ನ ಚಿಮಟದ್ದಲ್ಲ ಅಂತಾರ" ಎಂದು ನಗುತ್ತಾರೆ.

ಸೋಯಾ ಹೂವು ಜೋಳದ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ನಾಳೆ ಅರಳಬೇಕಾದ ಮೊಗ್ಗನ್ನು ಇಂದೇ ಬಿಡಿಸಿ, ದಳ ತೆಗೆದು, ಬೇರೆ ತಳಿಯ ಹೂವಿನ ಪರಾಗ ಸವರಿ, ದಾರ ಕಟ್ಟಬೇಕು. ಬಿಸಿಲೇರುವ ಮೊದಲು, ಆರರಿಂದ ಒಂಬತ್ತರವರೆಗೆ, ಬಗ್ಗಿದ ಬೆನ್ನು ಎತ್ತದೆ ಮಾಡಿದರೆ ನಲವತ್ತು ಹೂವು. ಇಲ್ಲಿ ಹೆಣ್ಣಾಗಿರುವುದು ಬಿಳಿ ಹೂವಿನ ತಳಿ. ಅದರ ಕಾಳು ಮೆತ್ತಗೆ ಬೇಯುತ್ತದೆ, ಸೋಯಾದ ಹಸಿ ವಾಸನೆ ಇಲ್ಲ. ಆದರೆ ಬಿಸಿಲಿಗೆ ಕಾಯಿ ಸಿಡಿದು ಅರ್ಧ ಬೆಳೆ ನೆಲದ ಪಾಲು. ಗಂಡು ನೇರಳೆ ಹೂವಿನದು, ಅದರ ಸಸಿಯ ದಂಟೂ ನೇರಳೆ. ಎಂಥ ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ರೊಟ್ಟಿ ಹಿಟ್ಟಿಗೆ ಬೆರೆಸಿದರೆ ಮಕ್ಕಳು ಮುಖ ಕಿವುಚುತ್ತವೆ. ಎರಡರ ಒಳ್ಳೆಯ ಗುಣವೂ ಒಂದೇ ಗಿಡಕ್ಕೆ ಬರಲಿ ಎಂಬುದಕ್ಕೇ ಇಷ್ಟೆಲ್ಲ ಪಾಡು.

ಹೋದ ವರ್ಷದ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನೂರ ಎಂಬತ್ತು ಹೂವಿಗೆ ತೊಂಬತ್ತು ಕಾಯಿ ಕಚ್ಚಿದವು. ತೋಟದ ತಳಿ ವಿಜ್ಞಾನಿ, ಮಾಬಮ್ಮನನ್ನು ಚಾಚಿ ಎಂದೇ ಕರೆಯುವ ಇಟ್ಟಿಗಿಯ ಅರುಣಕುಮಾರ್ ಎಲ್ಲರಿಗೂ ಪೇಡೆ ಹಂಚಿದರು. ಕಾಳು ಬಿತ್ತಿದ ಮೇಲೆ ನೋಡಿದರೆ ಒಂದೂ ನೇರಳೆ ಇಲ್ಲ. "ಕೈಯಿಂದ ಪರಾಗ ಸವರಿದ್ದು ಅಷ್ಟೊಂದು ಕಾಯಿ ಕಚ್ಚುವುದೇ ಇಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು, ಖುಷಿಯಲ್ಲಿ ಮೈಮರೆತೆ" ಎಂದು ಅವರು ಈಗಲೂ ಪೇಚಾಡುತ್ತಾರೆ.

"ನಾ ದುಂಡ ದುಂಡನ ಮೊಗ್ಗು ಆರಿಸಿದ್ದೆ. ಬಿಡಿಸಾಕ ಸಲೀಸು ನೋಡ್ರಿ. ಆದ್ರ ನಾ ಮದುವಿ ಮಾಡ್ಸೋದ್ರಾಗ ಅವು ಒಳಗ ತಾವ ಮದುವಿ ಮಾಡ್ಕೊಂಡು ಕುಂತಿದ್ವು!" ಎನ್ನುತ್ತಾರೆ ಮಾಬಮ್ಮ. ಆ ವಾರ ಅವರಿಗೆ ಊಟ ಸೇರಲಿಲ್ಲ. ಆಮೇಲೆ ಕೂಲಿ ಮುಗಿದ ಮೇಲೆ ಒಬ್ಬರೇ ಕುಳಿತು, ದಿನಕ್ಕಿಷ್ಟು ಎಂದು ಮುನ್ನೂರು ಮೊಗ್ಗು ಬಿಡಿಸಿ, ಭೂತಗನ್ನಡಿಯಲ್ಲಿ ಪರೀಕ್ಷೆ ಮಾಡಿದರು. ದಳದ ತುದಿ ಹೊರಗೆ ಇಣುಕಿದ ಮೊಗ್ಗಿನಲ್ಲಿ ಪರಾಗ ಆಗಲೇ ಉದುರಿರುತ್ತದೆ ಎಂಬುದನ್ನು ತಾವೇ ಕಂಡುಕೊಂಡರು. ಈ ಸಲ ಆರಿಸಿದ್ದೆಲ್ಲ ದಳ ಕಾಣದ ಬಡಕಲು ಮೊಗ್ಗು. ನೂರ ಎಂಬತ್ತಕ್ಕೆ ಕಚ್ಚಿದ್ದು ಒಂಬತ್ತೇ ಕಾಯಿ. ಸಿಕ್ಕ ಹದಿನೇಳು ಕಾಳಿನಲ್ಲಿ ಮೊಳೆತದ್ದು ಹದಿನೈದು.

ಬಿಸಿಲು ಚೀಲಗಳ ಮೇಲೆ ಬೀಳುತ್ತದೆ. ಅರುಣಕುಮಾರ್ ಪುಸ್ತಕ ಹಿಡಿದು ಬಂದು ನಿಲ್ಲುತ್ತಾರೆ. ಮಾಬಮ್ಮ ಮೊದಲ ಸಸಿಯ ಬುಡದ ಮಣ್ಣು ಬೆರಳಿನಿಂದ ಸರಿಸುತ್ತಾರೆ. "ಹಸಿರು." ಎರಡನೆಯದೂ ಹಸಿರು. ಅರುಣಕುಮಾರ್ ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೂರನೆಯದರ ಹತ್ತಿರ ತಡೆಯುತ್ತಾರೆ, ಚೀಲವನ್ನು ಬಿಸಿಲಿಗೆ ತಿರುಗಿಸುತ್ತಾರೆ. "ಸಾರ್, ನೀವ ಹೇಳ್ರಿ. ನನ್ನ ಕಣ್ಣು ಆಸೀಲೆ ನೋಡಾಕ ಹತ್ತೈತಿ."

"ನೇರಳೆ, ಚಾಚಿ! ಅಚ್ಚ ನೇರಳೆ!"

ನಾಲ್ಕನೆಯದೂ ನೇರಳೆ, ಐದನೆಯದೂ. ಕೊನೆಗೆ ಲೆಕ್ಕ ಹನ್ನೊಂದಕ್ಕೆ ನಿಲ್ಲುತ್ತದೆ. ಅರುಣಕುಮಾರ್ ಅಲ್ಲಿಂದಲೇ ಮೇಲಿನವರಿಗೆ ಫೋನು ಹಚ್ಚಿ, "ಹೊರಗಿನವರು ಬೇಡ, ನಮ್ಮ ಚಾಚಿನೇ ಮಾಡ್ತಾರೆ" ಎಂದು ಕೂಗಿ ಹೇಳುತ್ತಾರೆ. ಮಾಬಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾಡದಿರಲೆಂದು ಹನ್ನೊಂದು ಚೀಲಗಳಿಗೂ ಚೂರು ಚೂರೇ ನೀರು ಹಾಕುತ್ತಾರೆ.

ಈ ಸಸಿಗಳಿಂದ ತಳಿಯೊಂದು ಹೊರಬಂದು ರೈತರ ಕೈ ಸೇರಲು ಇನ್ನೂ ಹತ್ತು ವರ್ಷ ಬೇಕು. ಅಷ್ಟು ವರ್ಷ ಕಾಯಬೇಕಲ್ಲ ಎಂದರೆ, "ಆಗ ಮೊಗ್ಗು ಕಾಣೋ ಅಷ್ಟು ಕಣ್ಣು ಇರಂಗಿಲ್ಲ ಬಿಡ್ರಿ. ಹಲ್ಲು ಇದ್ರ ಸಾಕು, ಒಂದು ರೊಟ್ಟಿ ತಿಂದು ನೋಡ್ತೀನಿ" ಎನ್ನುತ್ತಾರೆ.

ಹೊರಡುವ ಮುನ್ನ, ಹನ್ನೊಂದು ಸಸಿ ಗೆದ್ದವು ಎಂದು ಬರೆಯುತ್ತೇನೆ ಎಂದೆ. ಕಿತ್ತ ನಾಲ್ಕು ಹಸಿರು ಸಸಿಗಳನ್ನು ಅವರು ನನ್ನ ಮುಂದೆ ಹಿಡಿದರು.

"ಇವನ್ನೂ ಬರೀರಿ. ಈ ನಾಕು ಮುಚ್ಚಿಟ್ರ ಆ ಹನ್ನೊಂದು ಯಾರು ನಂಬ್ತಾರ?"