ಹೌರಾ ಸೇತುವೆಯ ಮೇಲೆ ಅಮ್ಮ ಕಂಡದ್ದು

ಕೋಲ್ಕತ್ತಕ್ಕೆ ಬಂದ ವಾರದಲ್ಲೇ ಹೂಗ್ಲಿ ನದಿ ಹಿಮ್ಮುಖವಾಗಿ ಹರಿಯುವುದನ್ನು ಕಂಡು ನಾನು ದಂಡೆಯ ಮೆಟ್ಟಿಲಲ್ಲಿ ಕುಳಿತುಬಿಟ್ಟೆ. ಬೆಳಿಗ್ಗೆ ದಕ್ಷಿಣಕ್ಕೆ ತೇಲಿಹೋಗಿದ್ದ ಹಸಿರು ಕಳೆಯ ರಾಶಿ ಮಧ್ಯಾಹ್ನ ಉತ್ತರಕ್ಕೆ ಹೊರಟಿತ್ತು. ಸಮುದ್ರದ ಸದ್ದಿಲ್ಲ, ಉಪ್ಪುಗಾಳಿಯಿಲ್ಲ. ಆದರೂ ಭರತ, ಕಡಲಿನ ಉಬ್ಬರ, ಬಂದಿತ್ತು. ಇಲ್ಲಿನವರು ಅದಕ್ಕೆ ಜೋಯಾರ್ ಎನ್ನುತ್ತಾರೆ. ನಾನು ಕಲಿತ ಮೊದಲ ಬಂಗಾಳಿ ಪದ ಅದು.

ಅದು ೧೯೯೯. ಗಂಡ ನಮ್ಮ ಕಡೆಯವರ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಒಂದೇ ಕೋಣೆಯ ಮನೆ, ಆರು ಸಂಸಾರಕ್ಕೆ ಒಂದು ನಲ್ಲಿ. ಇಲ್ಲಿ ಹೊಳೆ ಮೀನಿಗೆ ಮರ್ಯಾದೆ. ಸಮುದ್ರದ ಮೀನೆಂದರೆ ಮೂಗು ಮುರಿಯುತ್ತಾರೆ. ಕಡಲತಡಿಯ ಕೋಡಿಯಲ್ಲಿ ಹುಟ್ಟಿದ ನನಗೆ ಒಂದು ಬಂಗುಡೆ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಸಾರು ಮಾಡಿ ಪಕ್ಕದ ಮನೆಯವಳಿಗೂ ಕೊಟ್ಟೆ. ಎರಡನೆಯ ಸಲ ಅವಳೇ ಬಟ್ಟಲು ಹಿಡಿದು ಬಂದಳು.

ನಾನು ಊರು ಬಿಡುವ ಹಿಂದಿನ ವರ್ಷ ಕೋಡಿಯ ಅಳಿವೆಯಲ್ಲಿ, ನದಿ ಸಮುದ್ರ ಸೇರುವಲ್ಲಿ, ತಮ್ಮನ ದೋಣಿ ಮಗುಚಿತ್ತು. ಜೊತೆಗಿದ್ದ ಇಬ್ಬರು ಈಜಿ ಬಂದರು. ತಮ್ಮನ ದೇಹ ಸಿಗಲಿಲ್ಲ. ಅಮ್ಮ ಒಂಬತ್ತು ದಿನ ಪ್ರತಿ ಭರತಕ್ಕೂ ದಡದಲ್ಲಿ ನಿಂತಳು. ದೇಹ ಸಿಗದವರಿಗೆ ಹುಲ್ಲಿನಲ್ಲಿ ಆಕೃತಿ ಕಟ್ಟಿ, ಸುಟ್ಟು, ಬೊಜ್ಜ ಮಾಡುವುದುಂಟು. ಬೊಜ್ಜ ಎಂದರೆ ಉತ್ತರಕ್ರಿಯೆ. ಚಿಕ್ಕಪ್ಪ ಅದನ್ನು ಎತ್ತಿದಾಗ ಅಮ್ಮ ಆಡಿದ್ದು ಒಂದೇ ಮಾತು:

“ಹುಲ್ಲ್ ಸುಡುಕೆ ನಾ ಗಂಡ್ ಹೆತ್ತದಲ್ಲ.”

ಐದು ವರ್ಷ ಬೊಜ್ಜ ಆಗಲಿಲ್ಲ. ಅವನು ಸತ್ತನೆಂದು ಮನೆಯಲ್ಲಿ ಯಾರೂ ಬಾಯಿಬಿಡುವಂತಿರಲಿಲ್ಲ. ಅಮ್ಮ ಸೊರಗುತ್ತಾ ಬಂದಳು. ಊರಿಗೆ ಹೋಗಿದ್ದ ಗಂಡ ಅವಳನ್ನು ಸ್ವಲ್ಪ ದಿನದ ಮಟ್ಟಿಗೆ ಕರೆತಂದರು.

ಕಾಳಿಪೂಜೆ ಮುಗಿದ ವಾರ, ಬಸುರಿಯಾಗಿದ್ದ ನಾನು ಅಮ್ಮನಿಗೆ ಹೌರಾ ಸೇತುವೆ ತೋರಿಸಲು ಹೋದೆ. ನದಿಯೊಳಗೆ ಒಂದೂ ಕಂಬವಿಲ್ಲದ ಸೇತುವೆ ಎಂದು ಹೆಮ್ಮೆಯಿಂದ ಹೇಳಿದೆ. “ಕಂಬ ಹಾಕುಕೆ ಮರ್ತ್ರಾ?” ಎಂದಳು. ಎಷ್ಟೋ ವರ್ಷದ ಮೇಲೆ ಅವಳ ತಮಾಷೆ ಕೇಳಿ ನನಗೆ ಧೈರ್ಯ ಬಂತು. ಬಸ್ಸು ಹೋದಾಗಲೆಲ್ಲ ಕಾಲಡಿ ನಡುಗುತ್ತಿತ್ತು. ಹೊರೆಯಾಳುಗಳು ನಮ್ಮನ್ನು ಸವರಿಕೊಂಡು ಓಡುತ್ತಿದ್ದರು.

ನಡುವಿಗೆ ಬಂದಾಗ ಅಮ್ಮ ಕಟಕಟೆ ಹಿಡಿದಳು. “ಮಗಾ, ಅಲ್ ಕಾಣ್. ಮನ್ಶ.”

ಜೋಯಾರಿನ ನೀರಿನಲ್ಲಿ ಒಂದು ದೇಹ ಹಿಮ್ಮುಖವಾಗಿ ತೇಲಿ ಬರುತ್ತಿತ್ತು. ಎರಡು ಭುಜ, ಎತ್ತಿದ ಒಂದು ಕೈ. ನಾನೂ ಕಂಡೆ. ಅಮ್ಮ ಸೆರಗು ಬೀಸಿ ಕೆಳಗಿನ ದೋಣಿಯವನನ್ನು “ಹ್ವಾಯ್, ಹ್ವಾಯ್” ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಒಬ್ಬ ಹೊರೆಯಾಳು ನಿಂತು ನೋಡಿ, ಅದು ಕಾಠಾಮೊ ಎಂದು ನಕ್ಕು ಹೋದ. ಕಾಠಾಮೊ ಎಂದರೆ ಮೂರ್ತಿಯ ಒಳಗಿನ ಚೌಕಟ್ಟು. ವಿಸರ್ಜಿಸಿದ ಮೇಲೆ ಮಣ್ಣು ಕರಗಿ, ಬಿದಿರು ಮತ್ತು ಹುಲ್ಲು ಉಳಿಯುತ್ತವೆ.

ಅವನು ಏನೆಂದನೆಂದು ತಿಳಿಯದೆ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಮರ ಎನ್ನಬಹುದಿತ್ತು. ಹುಲ್ಲು ಎಂದೆ.

ಅವಳು ಕದಲಲಿಲ್ಲ. ಅದು ಸೇತುವೆಯ ಅಡಿಗೆ ಬರುವವರೆಗೂ ನೋಡಿದಳು. ಮೊಣಕೈಯಲ್ಲಿ, ಮಣಿಕಟ್ಟಿನಲ್ಲಿ ಸುತ್ತಿದ ಸೆಣಬಿನ ಹುರಿ ನಮಗೆ ಕಾಣುತ್ತಿತ್ತು.

“ಕೈ ಎಷ್ಟ್ ಚೆಂದ ಕಟ್ಟಿರ್,” ಎಂದಳು. ಮತ್ತೆ ಕೇಳಿದಳು: “ಇಷ್ಟ್ ಚೆಂದ ಕಟ್ಟಿ, ನೀರಿಗೆ ಬಿಡೂಕೆ ಮನ್ಸ್ ಬತ್ತಾ ಇವ್ರಿಗೆ?”

ಅಳುತ್ತಲೇ ಬಿಡುತ್ತಾರೆ ಎಂದೆ.

ಉಳಿದರ್ಧ ಸೇತುವೆಯನ್ನೂ ದಾಟಿದೆವು. ಅಮ್ಮ ಊರಿಗೆ ಮರಳಿದ ಮೂರನೆಯ ವಾರ ಕೋಡಿಯಿಂದ ಫೋನು ಬಂತು. ಬೊಜ್ಜ ಮುಗಿಸಿದ್ದರು. ನಾನಾಗ ಏಳು ತಿಂಗಳ ಬಸುರಿ. ಹೇಗೂ ನನಗೆ ಹೋಗಲಾಗದು ಎಂದುಕೊಂಡು ಮನೆಯವರು ಮೊದಲೇ ತಿಳಿಸಿರಲಿಲ್ಲ.

“ಕೈ ಕಟ್ಟುಕೆ ಭಟ್ರಿಗ್ ಬಿಡ್ಲಿಲ್ಲೆ,” ಎಂದಳು ಅಮ್ಮ. “ನಾನೇ ಕಟ್ದೆ.”

ಈಗ ಊರಿಗೆ ಹೋದರೆ ಎಲ್ಲರೂ ತಮ್ಮನನ್ನು ತೀರಿಹೋದವನೆಂದೇ ಮಾತಾಡುತ್ತಾರೆ, ಅಮ್ಮನೂ. ನಾನೂ ಹಾಗೆಯೇ ಮಾತಾಡುತ್ತೇನೆ, ನಂಬುತ್ತೇನೆ. ಕೋಲ್ಕತ್ತಕ್ಕೆ ಮರಳಿದ ಮೇಲೆ ಆಗುವುದಿಲ್ಲ. ಹುಲ್ಲು ಸುಟ್ಟ ಆ ಬೆಂಕಿಯನ್ನು ನಾನು ಕಂಡಿಲ್ಲ. ಇಲ್ಲಿ ಅವನು ಇನ್ನೂ ಮನೆಗೆ ಬಂದಿಲ್ಲ, ಅಷ್ಟೆ.