ವಸ್ತ್ರದ ಮರೆಯ ಬೆರಳು

ಮುರಿಗೆಪ್ಪ ದಲಾಲನನ್ನು ಸರಕೆಂದು ಪೇಟೆಗೆ ಇಳಿಸಿದ್ದರೆ ಯಾರೂ ಸವಾಲು ಕೂಗುತ್ತಿರಲಿಲ್ಲ. ಸಣಕಲು ಮೈ, ಸ್ವಾತಂತ್ರ್ಯ ಚಳವಳಿಯ ಜೇಲಿನಲ್ಲಿ ಕೆಟ್ಟ ಹೊಟ್ಟೆ, ಮೇಲೆ ತಾನೇ ನೂತ ಖಾದಿ, ಅದೂ ಗಂಟುಗಂಟು. ಬೆಲೆ ಇದ್ದದ್ದು ಹೆಗಲ ವಸ್ತ್ರಕ್ಕೆ. ಗೋಕಾಕ ಪೇಟೆಯಲ್ಲಿ ಮಾರುವವನೂ ಕೊಳ್ಳುವವನೂ ಅದರೊಳಗೆ ಕೈ ತೂರಿಸಿ, ದಲಾಲನ ಬೆರಳು ಹಿಡಿದೇ ದರ ಮುಗಿಸುತ್ತಿದ್ದರು. ತುಟಿ ಬಿಚ್ಚುವಂತಿಲ್ಲ. ಮರೆಯಲ್ಲಿ ನಡೆದದ್ದನ್ನು ದಲಾಲ ಹೆಂಡತಿಗೂ ಹೇಳುವಂತಿಲ್ಲ.

ನಲವತ್ತಾರರ ಬೇಸಿಗೆಯಲ್ಲಿ, ಮೂಡಲಗಿಯ ರೇಶನ್ ಅಂಗಡಿಗೆಂದು ಹುಕ್ಕೇರಿಯಿಂದ ಹೊರಟ ಕಂಟ್ರೋಲ್ ಜೋಳ ದಾರಿಯಲ್ಲೇ ಮಾಯವಾಯಿತು. ಕದ್ದು ಮಾರಿದವರು ಪಕ್ಷದ ತಾಲೂಕು ಮುಖಂಡ ಮಾಲಿಂಗಪ್ಪನವರು, ಮುರಿಗೆಪ್ಪನ ಜೇಲಿನ ಜೊತೆಗಾರರು. ವ್ಯವಹಾರ ಕುದುರಿದ್ದು ಮುರಿಗೆಪ್ಪನ ವಸ್ತ್ರದಲ್ಲೇ. ಅದು ಯಾವ ಜೋಳವೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಅರ್ಧ ಸರಕು ಊರು ಬಿಟ್ಟಿತ್ತು.

ತನಿಖೆಯ ಹಿಂದಿನ ದಿನ ಮಾಲಿಂಗಪ್ಪನವರೇ ಅವನ ಮನೆಗೆ ಬಂದರು.

"ನಾ ಬಾಯಿಲೆ ಒಂದ ಮಾತರೆ ಆಡೇನೇನೋ?"

"ಇಲ್ರಿ ಅಣ್ಣಾರ."

"ಅಷ್ಟ ಹೇಳು. ಸುಳ್ಳೂ ಆಗೂದಿಲ್ಲ. ಈಗರೆ ನಮ್ಮ ಸರಕಾರ ಬಂದೈತಿ. ಪಕ್ಷದ ಹೆಸರು ಕೆಟ್ರ ನಗಾವ್ರು ಬಿಳೀ ಮಂದಿ. ಪಕ್ಷ ಬಿದ್ರ ದೇಶ ಬಿದ್ದಂಗ."

"ದೇಶ ಈಗ ಮೂಡಲಗಿಯೊಳಗ ರೇಶನ್ ಅಂಗಡಿ ಮುಂದ ಪಾಳಿ ಹಚ್ಚಿ ನಿಂತೈತ್ರಿ. ಬರಿಗೈಲೆ ಮನಿಗೆ ಹೊಳ್ಳಾಕತ್ತೈತಿ."

"ಜೇಲಿನಾಗ ನಿನಗ ಜ್ವರ ಬಂದಾಗ ಯಾರ ಕಂಬಳಿ ಹೊತ್ಕೊಂಡಿದ್ದಿ?"

ಅವರು ಹೋದ ಮೇಲೆ ಹೆಂಡತಿ ಬಾಳವ್ವ ಕೇಳಿದಳು, "ಕಂಬಳಿ ಮಾತು ಖರೇನ?"

"ಖರೆ. ರಾತ್ರಿಯೆಲ್ಲಾ ಅವರು ನಡಗಿಕೋತ ಕುಂತಿದ್ರು."

ಮರುದಿನ ಚಾವಡಿಯಲ್ಲಿ ಅಧಿಕಾರಿ ಕೇಳಿದರು, "ಮಾಲಿಂಗಪ್ಪನವರು ನಿಮ್ಮೆದುರು ಏನು ಹೇಳಿದರು?"

"ಏನೂ ಹೇಳಲಿಲ್ರಿ."

ಮಾಲಿಂಗಪ್ಪನವರು ಮೀಸೆ ಸವರಿಕೊಂಡರು. ಮುರಿಗೆಪ್ಪ ಹೆಗಲ ವಸ್ತ್ರ ತೆಗೆದು ಪಕ್ಕಕ್ಕಿಟ್ಟ. ಎಲ್ಲರೆದುರು ಅಧಿಕಾರಿಯ ಕೈ ಹಿಡಿದು, ಒಂದೊಂದೇ ಬೆರಳು ಒತ್ತಿದ.

"ಹೇಳಲಿಲ್ರಿ, ಹಿಂಗ ಹಿಡದ್ರು. ಉಳಿದ ಜೋಳ ಮಮದಾಪುರದ ಕೊಟಗಿಯೊಳಗ ಐತಿ."

ಅವನು ಧೋತರವನ್ನೇ ಕಳಚಿದನೆಂಬಂತೆ ವರ್ತಕರೆಲ್ಲ ಮುಖ ತಿರುಗಿಸಿದರು.

ಪಕ್ಷ ಅವನನ್ನು ಹೊರಹಾಕಿತು. ಪಕ್ಷದ ಕೆಲಸವೊಂದು ಅಷ್ಟು ಬೇಗ ಮುಗಿದದ್ದು ಅದೇ ಮೊದಲು. ಪೇಟೆಯಲ್ಲಿ ಅವನ ವಸ್ತ್ರದೊಳಗೆ ಮತ್ತೆ ಯಾರೂ ಕೈಯಿಡಲಿಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಬಾಗಿಲಲ್ಲಿ ಕೂತು ಹುರಿಗಡಲೆ ಮಾರಿದ. ಮಾಲಿಂಗಪ್ಪನವರು ಈ ಸಲ ಜೋಳದ ಕಳವಿಗಾಗಿ ಮತ್ತೆ ಜೇಲಿಗೆ ಹೋದಾಗ ಒಂದು ಕಂಬಳಿ ಕಳಿಸಿದ. ಅದು ತಿರುಗಿ ಬಂತು.

ಆ ಮಳೆಗಾಲ ವ್ಯಾಪಾರಿಯಾಗಿದ್ದ ನನ್ನ ಅಜ್ಜನ ಮನೆಗೂ ರೇಶನ್ ಕಾರ್ಡೇ ಗತಿಯಾಗಿತ್ತು. ಮೂಡಲಗಿಯಲ್ಲಿ ನನ್ನ ತಾಯಿ ಉಂಡದ್ದು ಮಮದಾಪುರದಿಂದ ಬಂದ ಆ ಜೋಳದ ರೊಟ್ಟಿ. ಅದಕ್ಕೆ ನಾನು ಮುರಿಗೆಪ್ಪನಿಗೆ ಋಣಿ.